ಫ್ರೆಂಚ್ ಹೋಟೆಲಿನಲ್ಲಿ ಚೊಣಕದ ತಲೆ

ನಮ್ಮ ಅಪ್ಪ ಹನ್ನೊಂದು ವರ್ಷ ನನ್ನ ತಮ್ಮನ ಕೈಯಡುಗೆ ಉಣ್ಣಲಿಲ್ಲ. ತಮ್ಮ ಅಡುಗೆಯವನು. ಪಣಜಿಯ ಒಂದು ದೊಡ್ಡ ಹೋಟೆಲಿನೊಳಗೆ ಫ್ರೆಂಚ್ ಊಟದ ಮನೆಯೊಂದಿದೆ, ಬ್ರಾಸರಿ ಎನ್ನುತ್ತಾರೆ ಅದಕ್ಕೆ. ಅಲ್ಲಿ ಮೀನಿನ ಅಡುಗೆಯೆಲ್ಲ ಅವನ ಉಸ್ತುವಾರಿ. ಎಲ್ಲೆಲ್ಲಿಂದಲೋ ಬಂದ ಜನ ಅವನು ಬೇಯಿಸಿದ್ದನ್ನು ತಿಂದು ಹೊಗಳಿ ಹೋಗುತ್ತಾರೆ. ಅಪ್ಪ ಮಾತ್ರ, ತಮ್ಮ ರಜೆಗೆ ನಮ್ಮೂರು ಮಾಜಾಳಿಗೆ ಬಂದು ಒಲೆಯ ಮುಂದೆ ನಿಂತ ದಿನ, ಗಂಜಿಗೆ ಉಪ್ಪುನೀರಿನ ಮಾವಿನಕಾಯಿ ಕಚ್ಚಿಕೊಂಡು ಉಂಡು ಎದ್ದುಬಿಡುತ್ತಿದ್ದ.

ಕಾರಣ ಹೇಳಿದರೆ ಕೇಳಿದವರು ನಗುತ್ತಾರೆ. ಅದನ್ನು ಕಣ್ಣಾರೆ ಕಂಡ ನನಗೆ ನಗು ಬರುತ್ತಿರಲಿಲ್ಲ. ನಮ್ಮದು ಕಡಲಿಗೆ ಹೋಗುವ ಮನೆ. ತಮ್ಮನಿಗೆ ದೋಣಿ ಹತ್ತಿದರೆ ತಲೆ ಸುತ್ತು. ದಡದ ತೆಂಗಿನ ಮರಗಳು ಇನ್ನೂ ಕಾಣುತ್ತಿರುವಾಗಲೇ ವಾಂತಿ. ಅಪ್ಪ ಮೂರು ಹಂಗಾಮು ಪ್ರಯತ್ನಪಟ್ಟ. ನಿಂಬೆಹಣ್ಣು ಮೂಸಿಸಿದ, ಶುಂಠಿ ತಿನ್ನಿಸಿದ, ಕೊನೆಗೆ ಬೈದು ನೋಡಿದ. ಯಾವುದೂ ಕೈಹಿಡಿಯಲಿಲ್ಲ. ನಾಲ್ಕನೆಯ ಹಂಗಾಮಿಗೆ ತಮ್ಮ ದೋಣಿ ಬಿಟ್ಟು ಗೋವಾ ಬಸ್ಸು ಹತ್ತಿದ. ಅದೇನೂ ದೊಡ್ಡ ಅಪರಾಧವಲ್ಲ, ಗಡಿ ನಮಗೆ ಕೂಗಳತೆ, ಊರಿನ ಎಷ್ಟೋ ಜನ ಬೆಳಿಗ್ಗೆ ಆಚೆ ಹೋಗಿ ಸಂಜೆ ಈಚೆ ಬರುವವರೇ. ಗ್ಯಾರೇಜೋ ಕಾರ್ಖಾನೆಯೋ ಸೇರಿದ್ದರೆ ಅಪ್ಪ ಸುಮ್ಮನಿರುತ್ತಿದ್ದ. ತಮ್ಮ ಸೇರಿದ್ದು ಅಡುಗೆಮನೆ.

“ಗಂಡ್ಸು ಮೀನ ತರ್ಬೇಕು. ಬೇಯ್ಸುದು ಹೆಂಗಸ್ರ ಕೆಲ್ಸ. ಆ ಕೈಯ ಊಟ ನಂಗೆ ಬ್ಯಾಡ,” ಎಂದುಬಿಟ್ಟ ಅಪ್ಪ. ಅವನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ದೊಡ್ಡ ಮೀನು ಬೇಯಿಸಿದ ದಿನ ಅದರ ತಲೆ ಮೀನು ತಂದವನ ತಟ್ಟೆಗೆ ಹೋಗಬೇಕು. ಬಡಿಸುವುದು ಅವ್ವ, ಆದರೆ ಯಾರಿಗೆ ಎನ್ನುವುದು ಅವಳ ಇಷ್ಟವಲ್ಲ. ತಲೆಯ ಕೆನ್ನೆಯಲ್ಲಿರುವ ಆ ಎರಡು ಬೆಣ್ಣೆಯಂಥ ತುಣುಕು, ಕಣ್ಣಿನ ಸುತ್ತಲಿನ ಜಿಡ್ಡು, ಅವೆಲ್ಲ ಕಡಲಿಗೆ ಹೋದವನಿಗೆ. ತಮ್ಮ ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದ. “ದೋಣಿಲಿ ನಿಲ್ಲುಕೆ ಕಲಿ ಮಗಾ, ಆಮೇಲೆ ತಲೆ,” ಎಂದಿದ್ದಳು ಅವ್ವ. ಅವನು ಮತ್ತೆ ಕೇಳಲಿಲ್ಲ. ನಾನಂತೂ ಕೇಳುವ ಪ್ರಶ್ನೆಯೇ ಇರಲಿಲ್ಲ, ಹೆಣ್ಣು ಕಡಲಿಗೆ ಹೋಗುವುದಿಲ್ಲವಲ್ಲ. ಅಕ್ಕ ತಮ್ಮ ಇಬ್ಬರೂ ಬಾಲದ ತುಂಡು ತಿಂದು ದೊಡ್ಡವರಾದೆವು. ಮದುವೆಯಾಗಿ ಅಂಕೋಲೆಗೆ ಬಂದು ಕಚೇರಿಯಲ್ಲಿ ಗುಮಾಸ್ತೆಯಾದ ಮೇಲೆ, ಮೊದಲ ಸಂಬಳದಲ್ಲಿ ನಾನು ಮಾಡಿದ ಮೊದಲ ಕೆಲಸ ಪೇಟೆಗೆ ಹೋಗಿ ಒಂದು ಇಡೀ ಮೀನು ತಂದು, ಅದರ ತಲೆಯನ್ನು ನನ್ನ ತಟ್ಟೆಗೆ ನಾನೇ ಬಡಿಸಿಕೊಂಡದ್ದು. ಗಂಡ ಬೆರಗಾಗಿ ನೋಡಿದ. ನೋಡಲಿ ಎಂದುಕೊಂಡು ತಿಂದೆ.

ಅವ್ವ ಹೋಗಿ ಮೂರು ವರ್ಷವಾಯಿತು. ಅಪ್ಪ ಈಗ ಚಿಕ್ಕಪ್ಪನ ಮಕ್ಕಳು ಮೊಮ್ಮಕ್ಕಳ ಗದ್ದಲದ ನಡುವೆ ಮಾಜಾಳಿಯಲ್ಲೇ ಇದ್ದಾನೆ. ಕಡಲಿಗೆ ಹೋಗುವುದು ನಿಂತಿದೆ, ಕಡಲಿಗೆ ಹೋಗುವವರಿಗೆಲ್ಲ ಬುದ್ಧಿ ಹೇಳುವುದು ನಿಂತಿಲ್ಲ. ಕಳೆದ ವರ್ಷ ಅವನ ಎರಡೂ ಕಣ್ಣಿಗೆ ಪೊರೆ ಬಂತು. ಪಣಜಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕೊನೆಯ ತಪಾಸಣೆಯ ದಿನ ಹತ್ತಿರ ಬಂದಾಗ ತಮ್ಮ ಫೋನು ಮಾಡಿದ.

“ಅಕ್ಕ, ಆ ದಿನ ಮಧ್ಯಾಹ್ನ ನಮ್ಮಲ್ಲಿಗೆ ಕರ್ಕಂಡು ಬಾ. ಉಣ್ಣದಿದ್ರೂ ಅಡ್ಡಿಲ್ಲ. ಬರೀ ಕೂತು ನೋಡ್ಲಿ.”

ಅಡ್ಡಿಲ್ಲ ಎಂದದ್ದು ಸುಳ್ಳು. ಅವನ ದನಿಯಲ್ಲೇ ಗೊತ್ತಾಯಿತು. ಎಷ್ಟು ಜನ ಹೊಗಳಿದರೂ ಅವನ ಎದೆಯಲ್ಲೊಂದು ಮುಳ್ಳು ಹಾಗೆಯೇ ಇತ್ತು, ಅದನ್ನು ತೆಗೆಯುವ ಕೈ ಒಂದೇ.

ನಾನು ಅಪ್ಪನಿಗೆ ಏನೂ ಮುಚ್ಚಿಡಲಿಲ್ಲ. ಮಗ ಕೆಲಸ ಮಾಡುವ ಹೋಟೆಲು, ಅಲ್ಲೇ ಊಟ, ಅವನದೇ ಅಡುಗೆ ಎಂದೆ. ಅಪ್ಪ ಜಗಲಿಗೆ ಹೋಗಿ ಕಂಬಕ್ಕೆ ಒರಗಿ ಕೂತ.

“ಬತ್ತೆ,” ಎಂದ. “ಉಂಬುದು ಬಿಡುದು ನನ್ನ ಇಷ್ಟ.”

ಅಷ್ಟು ಸಾಕಿತ್ತು ನನಗೆ.

ತಪಾಸಣೆ ಬೇಗ ಮುಗಿಯಿತು. ವೈದ್ಯರು ಕಪ್ಪು ಕನ್ನಡಕ ಇನ್ನು ಬೇಡ ಎಂದರು, ಆದರೂ ಅಪ್ಪ ಹಾಕಿಕೊಂಡೇ ಬಂದ. ಬಿಳಿ ಪಂಚೆ, ಬಿಳಿ ಅಂಗಿ, ಕಪ್ಪು ಕನ್ನಡಕ. ಹೋಟೆಲಿನ ದೊಡ್ಡ ಬಾಗಿಲ ಮುಂದೆ ಬಂದು ನಿಂತೆವು. ಪಂಚೆ ನೋಡಿ ಯಾರಾದರೂ ತಡೆದರೆ ಅಲ್ಲಿಯೇ ಜಗಳಕ್ಕೆ ನಿಲ್ಲುವುದೆಂದು ತಯಾರಾಗಿಯೇ ಹೋಗಿದ್ದೆ. ಯಾರೂ ತಡೆಯಲಿಲ್ಲ. ಉದ್ದನೆಯ ಬಿಳಿ ಏಪ್ರನ್ ಕಟ್ಟಿದ, ತಲೆ ನರೆತ ವೇಟರ್ ಒಬ್ಬರು ಮುಂದೆ ಬಂದು ಅಪ್ಪನಿಗೆ ಕೈಮುಗಿದು, “ಬನ್ನಿ, ನಿಮ್ಮ ದಾರಿಯನ್ನೇ ಕಾಯ್ತಾ ಇದ್ದೆವು,” ಎಂದು ಕೊಂಕಣಿಯಲ್ಲಿ ಹೇಳಿದರು. ನಮ್ಮ ಗಡಿಯಾಚೆಗಿನ ಕಾಣಕೋಣದ ಕಡೆಯವರಂತೆ. ನಮ್ಮ ಮನೆಯಲ್ಲಿ ಕೊಂಕಣಿ, ಕನ್ನಡ ಎರಡೂ ಒಂದೇ ಬಾಯಲ್ಲಿ ಓಡಾಡುತ್ತವೆ, ಹಾಗಾಗಿ ಅಪ್ಪನಿಗೆ ಅಲ್ಲಿಯೇ ಅರ್ಧ ಊರು ಸಿಕ್ಕಂತಾಯಿತು. ನನ್ನ ಜಗಳ ನನ್ನಲ್ಲೇ ಉಳಿಯಿತು.

ಒಳಗೆ ಕಾಲಿಟ್ಟಾಗ ನನಗೆ ಆದದ್ದು ಸಂತೋಷ. ಹಾಗೆಂದೇ ಹೇಳುತ್ತೇನೆ, ದೊಡ್ಡ ಹೋಟೆಲುಗಳನ್ನು ಕಂಡು ಮೂಗು ಮುರಿಯುವ ಅಭ್ಯಾಸ ನನಗೂ ಇದೆ, ಇಲ್ಲಿ ಅದು ನಡೆಯಲಿಲ್ಲ. ನೆಲಕ್ಕೆ ಕಪ್ಪು ಬಿಳಿ ಚೌಕದ ಹಾಸು. ಗೋಡೆಗೆ ಒರಗಿದ ಕೆಂಪು ತೊಗಲಿನ ಉದ್ದ ಬೆಂಚುಗಳು, ಅವುಗಳ ಮೇಲೆ ಓರೆಯಾಗಿ ತೂಗುಹಾಕಿದ ದೊಡ್ಡ ಕನ್ನಡಿಗಳು. ಹಿತ್ತಾಳೆಯ ಸರಳುಗಳು ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಂಡೆಯ ಹಾಗೆ ಹೊಳೆಯುತ್ತಿದ್ದವು. ಮೇಜಿನ ಬಟ್ಟೆಯ ಮೇಲೆ ಬಿಳಿ ಕಾಗದ ಹಾಸಿದ್ದರು, ಸಾರು ಚೆಲ್ಲಿದರೆ ಯಾರೂ ಮುಖ ಸಣ್ಣ ಮಾಡಿಕೊಳ್ಳಬೇಕಿಲ್ಲ. ಇಷ್ಟೊಂದು ಅಂದವಿದ್ದೂ ಅಲ್ಲಿ ಗದ್ದಲವಿತ್ತು. ಜನ ಗಟ್ಟಿಯಾಗಿ ಮಾತಾಡುತ್ತ, ಮೊಣಕೈ ಊರಿ, ಬ್ರೆಡ್ಡು ಕೈಯಲ್ಲೇ ಮುರಿದು ತಿನ್ನುತ್ತಿದ್ದರು. ಒಳ್ಳೆಯ ಊಟದ ಮನೆಯಲ್ಲಿ ಇರಬೇಕಾದ ಗದ್ದಲ ಅದು. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಉದ್ದನೆಯ ಕಿಂಡಿ. ಅದರಾಚೆ ಬಿಳಿ ಕೋಟು ತೊಟ್ಟ ನನ್ನ ತಮ್ಮ ಕಂಡ. ನಮ್ಮನ್ನು ನೋಡಿ ತಕ್ಷಣ ತಲೆ ತಗ್ಗಿಸಿ ಏನನ್ನೋ ಕತ್ತರಿಸತೊಡಗಿದ.

ಅಪ್ಪ ಮಗನನ್ನು ನೋಡಲಿಲ್ಲ. ಅವನ ಕಣ್ಣು ಹೋದದ್ದು ಬಾಗಿಲ ಪಕ್ಕದ ಐಸಿನ ಕಟ್ಟೆಗೆ. ಪುಡಿ ಐಸಿನ ಮೇಲೆ ನಿಂಬೆ, ಸೊಪ್ಪು, ಸಿಗಡಿ, ಏಡಿ, ಜೊತೆಗೆ ಸಾಲಾಗಿ ಕಲ್ವ. ನಮ್ಮಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬಂಡೆಗಳಿಂದ ಕತ್ತಿಯಲ್ಲಿ ಎಬ್ಬಿಸಿ ತರುವ ಅದೇ ಕಲ್ವ ಚಿಪ್ಪು, ಇಲ್ಲಿ ಪೀಠದ ಮೇಲೆ ಕೂತಿತ್ತು. ಅವ್ವ ಇದನ್ನು ಕಾಣಬೇಕಿತ್ತು ಅನಿಸಿತು. ಅಷ್ಟರಲ್ಲಿ ಅಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿ, ಅಲ್ಲಿದ್ದ ಮೀನುಗಳ ಕಿವಿರು ಎತ್ತಿ ಎತ್ತಿ ನೋಡತೊಡಗಿದ್ದ. ಬೆರಳಿನಿಂದ ಹೊಟ್ಟೆ ಒತ್ತಿದ. ಒಂದರ ಬಾಯಿ ತೆರೆದು ಮೂಸಿದ. ಊಟಕ್ಕೆ ಕೂತಿದ್ದ ಒಬ್ಬ ಹೆಂಗಸು ಚಮಚ ಕೆಳಗಿಟ್ಟು ನೋಡಿದಳು. ನಾನು ಅಪ್ಪನ ಅಂಗಿ ಜಗ್ಗಿದೆ.

“ಬಿಡಿ ತಾಯೀ,” ಎಂದರು ನರೆತ ತಲೆಯ ವೇಟರ್ ನನಗೆ. “ನೋಡೋದಕ್ಕೇ ಇಟ್ಟದ್ದು. ಇಷ್ಟು ದಿನದಲ್ಲಿ ಸರಿಯಾಗಿ ನೋಡಿದವರು ಇವರೊಬ್ಬರೇ.”

ಅಪ್ಪ ಒಂದು ಚೊಣಕವನ್ನು ಬೊಟ್ಟು ಮಾಡಿದ. ನದಿ ಸಮುದ್ರ ಸೇರುವಲ್ಲಿ ಸಿಗುವ ದೊಡ್ಡ ಬಾಯಿಯ ಬೆಳ್ಳಿ ಮೀನು ಅದು, ಕಾಳಿ ನದಿಯ ಅಳಿವೆಯಲ್ಲಿ ಬಲೆಗೆ ಬಿದ್ದರೆ ಹಬ್ಬ. “ಇದು ಬೆಳಿಗ್ಗಿಂದು. ಬಾಕಿದು ನಿನ್ನೆದು,” ಎಂದ. ವೇಟರ್ ನಕ್ಕು ಒಪ್ಪಿಕೊಂಡು ಅದನ್ನೇ ತಟ್ಟೆಗೆ ಹಾಕಿ ಒಳಗೆ ಕಳಿಸಿದರು. ಕಿಂಡಿಯಲ್ಲಿ ತಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡದ್ದು ನನಗೆ ಕಂಡಿತು.

ಮೇಜಿಗೆ ಬಂದು ಕೂತೆವು. ಅಪ್ಪ ನನ್ನ ಕಡೆ ಬಾಗಿ, “ನಾ ಬರೀ ಬ್ರೆಡ್ಡು ತಿಂತೆ. ಮೀನ ನೀ ತಿನ್ನು,” ಎಂದ. ಮೀನು ಆರಿಸಿದ್ದು ಯಾಕೆ ಹಾಗಾದರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕೆಲವು ಪ್ರಶ್ನೆ ಕೇಳಿದರೆ ಆಗುವ ಕೆಲಸವೂ ಕೆಡುತ್ತದೆ.

ಬ್ರೆಡ್ಡು ಬುಟ್ಟಿಯಲ್ಲಿ ಬಂತು. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಬೆಣ್ಣೆ. ಅಪ್ಪ ಒಂದು ತುಂಡು ತಿಂದು, ನಮ್ಮ ಊರಿಗೆ ಸೈಕಲ್ಲಿನಲ್ಲಿ ಬರುವ ಪಾವಿಗಿಂತ ಗಟ್ಟಿ ಎಂದ. ಆಮೇಲೆ ನಾವು ಹೇಳದೆಯೇ ಸೂಪು ಬಂತು. ಅಗಲ ಬಟ್ಟಲು, ಒಳಗೆ ಕೆಂಪು ಕಂದು ಬಣ್ಣದ ದಪ್ಪ ಮೀನಿನ ಸಾರು, ಪಕ್ಕದಲ್ಲಿ ಸುಟ್ಟ ಬ್ರೆಡ್ಡಿನ ಚೂರು, ಬೆಳ್ಳುಳ್ಳಿ ಮೆಣಸು ಅರೆದ ಕೆಂಪು ಗೊಜ್ಜು, ತುರಿದ ಗಿಣ್ಣು. ಗೊಜ್ಜು ಹಚ್ಚಿದ ಬ್ರೆಡ್ಡಿನ ಚೂರನ್ನು ಸಾರಿನ ಮೇಲೆ ತೇಲಿಬಿಡಬೇಕೆಂದು ವೇಟರ್ ತೋರಿಸಿಕೊಟ್ಟರು. ನಾನು ಒಂದು ಚಮಚ ಕುಡಿದೆ. ಕೇಸರಿ ಇತ್ತು, ಟೊಮೆಟೊ ಇತ್ತು, ಗುರುತು ಹತ್ತದ ಯಾವುದೋ ಸೊಪ್ಪಿತ್ತು, ಅವೆಲ್ಲದರ ಅಡಿಯಲ್ಲಿ ನಮ್ಮ ಮನೆಯ ಮಣ್ಣಿನ ಗಡಿಗೆಯ ತಳದಲ್ಲಿ ಉಳಿಯುತ್ತಿದ್ದ ಸಾರಿನ ರುಚಿ ಇತ್ತು. ತೆಂಗಿನಕಾಯಿ ಇಲ್ಲ, ಹುಳಿ ಇಲ್ಲ, ಆದರೂ ಅದೇ ರುಚಿ. ನನ್ನ ಕಣ್ಣು ತುಂಬಿತು. ಬೆಳ್ಳುಳ್ಳಿ ಘಾಟು ಎಂದು ಮೂಗು ಒರೆಸಿಕೊಂಡೆ.

ಅಪ್ಪ ಬಟ್ಟಲನ್ನೇ ನೋಡುತ್ತ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ, “ಈ ಬ್ರೆಡ್ಡು ಗಂಟ್ಲಲ್ಲಿ ಇಳೂದಿಲ್ಲ,” ಎಂದು ಗೊಣಗಿ ಒಂದು ತುಂಡನ್ನು ಸಾರಿಗೆ ಅದ್ದಿದ. ತಿಂದ. ಇನ್ನೊಂದು ಅದ್ದಿದ. ಮತ್ತೊಂದು. ನಾನು ಕನ್ನಡಿ ನೋಡಿದೆ, ಚಾವಣಿ ನೋಡಿದೆ, ಎದುರಿನ ಮೇಜಿನವರ ಗ್ಲಾಸು ನೋಡಿದೆ. ಮತ್ತೆ ಈ ಕಡೆ ತಿರುಗಿದಾಗ ಬುಟ್ಟಿಯೂ ಖಾಲಿ, ಬಟ್ಟಲೂ ಖಾಲಿ. ಚಮಚ ಮಾತ್ರ ಇಟ್ಟಲ್ಲೇ ಇತ್ತು, ಅದಕ್ಕೆ ಒಂದು ಹನಿ ಸಾರು ಅಂಟಿರಲಿಲ್ಲ. ಅಪ್ಪನ ಲೆಕ್ಕದಲ್ಲಿ ಅವನು ಉಂಡದ್ದು ಬ್ರೆಡ್ಡು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಕಿಂಡಿಯ ಕಡೆ ನೋಡಿದೆ. ತಮ್ಮನೂ ನೋಡುತ್ತಿದ್ದ. ಖಾಲಿ ಬಟ್ಟಲು ಒಳಗೆ ಹೋದಾಗ ಅದನ್ನು ಇಸಿದುಕೊಂಡು ತಳ ನೋಡಿದ. ನನ್ನ ಕಡೆ ಹುಬ್ಬೆತ್ತಿ ಕೇಳಿದ. ನಾನು ತಲೆ ಅಲ್ಲಾಡಿಸಿದೆ, ಇನ್ನೂ ಇಲ್ಲ ಎಂಬಂತೆ. ಬ್ರೆಡ್ಡು ಅದ್ದಿದ್ದನ್ನು ಊಟವೆಂದು ಅಪ್ಪ ಒಪ್ಪುವುದಿಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಮೇಲೆ ಚೊಣಕ ಬಂತು. ಉದ್ದನೆಯ ತಟ್ಟೆಯಲ್ಲಿ ಇಡಿಯಾಗಿ, ಚರ್ಮ ಹೊಂಬಣ್ಣಕ್ಕೆ ಸುಟ್ಟು, ಕೆಳಗೆ ಸೋಂಪಿನ ಗಿಡದ ಗಡ್ಡೆಯ ಹೋಳುಗಳನ್ನು ಹಾಸಿ ತಂದರು. ವೇಟರ್ ಮೊದಲು ತಟ್ಟೆಯನ್ನು ಅಪ್ಪನ ಮುಂದೆ ಹಿಡಿದು, ನೀವು ಆರಿಸಿದ ಮೀನು ಇದೇ ಅಲ್ಲವೇ ಎನ್ನುವಂತೆ ಒಂದು ಗಳಿಗೆ ನಿಂತರು. ಆ ಮರ್ಯಾದೆ ನನಗೆ ತುಂಬ ಹಿಡಿಸಿತು. ಆಮೇಲೆ ಪಕ್ಕದ ಸಣ್ಣ ಮೇಜಿನ ಮೇಲಿಟ್ಟು ಒಂದು ಚಮಚ, ಒಂದು ಫೋರ್ಕು ಹಿಡಿದು ಕೆಲಸಕ್ಕೆ ನಿಂತರು. ಬೆನ್ನಿನ ಉದ್ದಕ್ಕೆ ಒಂದು ಗೆರೆ. ಚರ್ಮ ಸರಿಯಿತು. ಮೇಲಿನ ಮಾಂಸ ಒಂದು ಹಾಳೆಯಂತೆ ಎದ್ದು ಬಂತು. ನಡುಮುಳ್ಳನ್ನು ಬಾಲದಿಂದ ಹಿಡಿದು ತಲೆಯ ಜೊತೆಗೇ ಎತ್ತಿದರು, ಒಂದು ಮುಳ್ಳೂ ಮುರಿಯಲಿಲ್ಲ. ನಲವತ್ತು ವರ್ಷ ಮೀನು ಹೆಚ್ಚಿದ ನಮ್ಮ ಅವ್ವನೂ ಮೆಚ್ಚುವಂಥ ಕೈ. ಅಪ್ಪನ ಬಾಯಿಂದ “ಹ್ಞೂಂ” ಎಂಬ ಸದ್ದು ಬಂತು. ಅವನಿಂದ ಅಷ್ಟು ಬರುವುದೇ ಹೆಚ್ಚು. ಅವ್ವನ ಅಡುಗೆಯನ್ನು ಅವನು ಹೊಗಳಿದ್ದೂ ಒಂದೇ ಮಾತಿನಲ್ಲಿ: ಉಪ್ಪು ಸರಿ ಅದೆ. ಆ ಮಾತು ಬಂದ ದಿನ ಅವ್ವ ಸಂಜೆಯವರೆಗೂ ಹಾಡು ಗುನುಗುತ್ತಿದ್ದಳು.

ಮಾಂಸವನ್ನು ನಮ್ಮಿಬ್ಬರ ತಟ್ಟೆಗೆ ಬಡಿಸಿ, ಮುಳ್ಳೂ ತಲೆಯೂ ಉಳಿದ ತಟ್ಟೆಯನ್ನು ವೇಟರ್ ಎತ್ತಿಕೊಂಡು ಒಳಗೆ ಹೊರಟರು. ಅಪ್ಪ ಸಟ್ಟನೆ ಕೈ ಚಾಚಿ ತಟ್ಟೆಯ ಅಂಚು ಹಿಡಿದ.

“ತಲೆ ಎಲ್ಲಿಗೆ ತಕಂಡು ಹೋಗ್ತ್ರಿ?”

ಅಕ್ಕಪಕ್ಕದವರು ತಿರುಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅಪ್ಪನಿಗೆ ಮಾತ್ರ ನಾಚಿಕೆ ಇರಲಿಲ್ಲ. ತಲೆ ಒಳಗೆ ಹೋಯಿತೆಂದರೆ ಒಳಗೆ ಯಾರೋ ಅದಕ್ಕೆ ಹಕ್ಕುದಾರನಿದ್ದಾನೆ, ಅವನ್ಯಾರು ಎಂದು ತಿಳಿಯಲೇಬೇಕು. ಅವನಿಗೆ ಗೊತ್ತಿದ್ದ ನ್ಯಾಯ ಅದು.

ವೇಟರ್ ತಟ್ಟೆಯನ್ನು ಎಳೆದುಕೊಳ್ಳಲಿಲ್ಲ. ಹಾಗೆಯೇ ಬಾಗಿ ನಿಂತು ಹೇಳಿದರು. “ತಲೆ ಯಾರೂ ತಿನ್ನೋದಿಲ್ಲ. ಸೂಪಿನ ಹಂಡೆಗೆ ಹೋಗ್ತದೆ. ನೀವು ಈಗ ಉಂಡಿರಲ್ಲ, ಅದು ಎಲ್ಲ ತಲೆ, ಮುಳ್ಳು ಕುದಿಸಿ ಮಾಡಿದ್ದೇ. ಮೊದಲು ಎಲ್ಲವನ್ನೂ ಹೊರಗೆ ಹಾಕ್ತಿದ್ದರು. ತಲೆ ಎಸೆಯೋದು ಪಾಪ, ರುಚಿಯೆಲ್ಲ ಅಲ್ಲೇ ಇರೋದು ಅಂತ ಹೇಳಿ ಹಂಡೆ ಇಡಿಸಿದವರು ನಿಮ್ಮ ಮಗ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅದರ ಮುಂದೆ ನಿಲ್ತಾರೆ.”

ಅಪ್ಪ ಖಾಲಿ ಬ್ರೆಡ್ಡಿನ ಬುಟ್ಟಿ ನೋಡಿದ. ಸಿಕ್ಕಿಬಿದ್ದ ಮುಖ. ನಾನು ನಗಲಿಲ್ಲ, ಅದಕ್ಕೆ ಪಟ್ಟ ಕಷ್ಟ ನನಗೇ ಗೊತ್ತು.

“ಅವಂಗೆ ಬರೂಕೆ ಹೇಳಿ,” ಎಂದ ಅಪ್ಪ. “ತಲೆ ಇಲ್ಲೇ ಇರ್ಲಿ.”

ತಮ್ಮ ಬಂದ. ಮೂವತ್ತು ದಾಟಿದ ಗಂಡಸು, ಕೈಕೆಳಗೆ ಆರು ಜನ, ಆದರೆ ಅಪ್ಪನ ಮುಂದೆ ಮಾಸ್ತರರು ಕರೆಸಿದ ಹುಡುಗನ ಹಾಗೆ ನಿಂತ. ಅಪ್ಪ ಅವನ ಮುಖ ನೋಡಲಿಲ್ಲ, ಕೈ ನೋಡಿದ. ಹೊಸ ಕಣ್ಣಿಗೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗೆರೆಗಳು, ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಬೆರಳಿನ ಗಂಟುಗಳಲ್ಲಿ ಮೀನಿನ ರೆಕ್ಕೆ ಚುಚ್ಚಿದ ಗುರುತು. ಅಪ್ಪನ ಕೈಯಲ್ಲೂ ಅಂಥವೇ ಇವೆ, ಹಗ್ಗ ಎಳೆದವು, ಮುಳ್ಳು ಚುಚ್ಚಿದವು.

“ಬೆಂಕಿ ಎದ್ರಿಗೆ ದಿನಾ ಎಷ್ಟೊತ್ತು ನಿಲ್ತ್ಯಾ?”

“ಹತ್ತು ತಾಸು. ಕೆಲವ್ ದಿನ ಹನ್ನೆರಡು.”

“ತಲೆ ಸುತ್ತುದಿಲ್ವಾ?”

“ಇಲ್ಲ ಅಪ್ಪಾ.”

ಅಪ್ಪ ತನ್ನ ಆಯುಷ್ಯದಲ್ಲಿ ಯಾರಿಗೂ ಬಡಿಸಿದವನಲ್ಲ. ವೇಟರ್ ಇಟ್ಟಿದ್ದ ಚಮಚ, ಫೋರ್ಕು ಎತ್ತಿಕೊಂಡು ಚೊಣಕದ ತಲೆಗೆ ಹಾಕಿದ. ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಎರಡನ್ನೂ ಕೆಳಗಿಟ್ಟು, ಕೈಯಲ್ಲೇ ಹಿಡಿದು ಮುಳ್ಳಿನಿಂದ ತಿರುವಿ ಬಿಡಿಸಿ, ಒಂದು ಖಾಲಿ ತಟ್ಟೆಗೆ ಇಟ್ಟು ತಮ್ಮನ ಕಡೆ ಸರಿಸಿದ.

“ಕೂತ್ಕ. ತಿನ್ನು.”

ತಮ್ಮ ಕೂರಲಿಲ್ಲ. ಅಡುಗೆಯವರು ಗಿರಾಕಿಗಳ ಮೇಜಿನಲ್ಲಿ ಕೂರಬಾರದು ಎಂಬ ನಿಯಮವಿತ್ತೋ ಏನೋ. ನರೆತ ತಲೆಯ ವೇಟರ್ ಕುರ್ಚಿ ತಂದು ಅವನ ಹಿಂದೆ ಇಟ್ಟು, ನಮ್ಮ ಮೇಜಿಗೂ ಉಳಿದ ಕೋಣೆಗೂ ನಡುವೆ ಬೆನ್ನು ಮಾಡಿ ನಿಂತುಬಿಟ್ಟರು. ತಮ್ಮ ಕೂತ. ಆದರೆ ಕೈ ಮುಂದೆ ಬರಲಿಲ್ಲ.

“ನೀ ಉಣ್ಣದೆ ನಾ ಹ್ಯಾಂಗೆ ತಿನ್ಲಿ?” ಎಂದ.

ಹನ್ನೊಂದು ವರ್ಷ ಅವನು ಈ ಮಾತನ್ನು ನುಂಗಿಕೊಂಡಿದ್ದ. ಅಪ್ಪ ತನ್ನ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಫೋರ್ಕಿನ ಗೊಡವೆಗೆ ಹೋಗಲಿಲ್ಲ. ಬೆರಳಿನಿಂದ ಬಿಳಿ ಮಾಂಸ ಮುರಿದು, ಬೆಣ್ಣೆಯಲ್ಲಿ ಹೊರಳಿಸಿ ಬಾಯಿಗಿಟ್ಟ. ನಿಧಾನವಾಗಿ ಅಗಿದ. ಇನ್ನೊಂದು ತುತ್ತು ತೆಗೆದುಕೊಂಡ.

“ಉಪ್ಪು ಸರಿ ಅದೆ,” ಎಂದ ಅಪ್ಪ.

ತಮ್ಮ ತಲೆ ತಗ್ಗಿಸಿದ. ಬಿಳಿ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ಎದುರಿಗಿದ್ದ ಚೊಣಕದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ದವಡೆಯ ಹತ್ತಿರ ಒತ್ತಿ, ಸರಿಯಾಗಿ ಎರಡು ಭಾಗ ಮಾಡಿದ. ಒಂದೊಂದರಲ್ಲಿ ಒಂದೊಂದು ಕೆನ್ನೆ. ಒಂದನ್ನು ಎತ್ತಿ ನನ್ನ ತಟ್ಟೆಗೆ ಹಾಕಿದ.

ಅಪ್ಪ ಅಗಿಯುವುದನ್ನು ನಿಲ್ಲಿಸಿ ನೋಡಿದ. ಹೆಣ್ಣಿನ ತಟ್ಟೆಗೆ ತಲೆ ಹೋದದ್ದನ್ನು ಅವನು ಆವರೆಗೆ ನೋಡಿರಲಿಲ್ಲ.

“ತಂದವ್ರಿಗೆ ತಲೆ ಅಲ್ದಾ ಅಪ್ಪಾ,” ಎಂದ ತಮ್ಮ. “ನಿನ್ನ ಇಲ್ಲಿಗೆ ತಂದದ್ದು ಅಕ್ಕ.”

ಅಪ್ಪ ಬಾಯಲ್ಲಿದ್ದ ತುತ್ತು ನುಂಗಿದ. ಆಮೇಲೆ ನನ್ನ ತಟ್ಟೆಯ ಕಡೆ ಗದ್ದ ಮುಂದೆ ಮಾಡಿ, “ಆರೂದ್ರೊಳ್ಗೆ ತಿನ್ನು,” ಎಂದು ತನ್ನ ಊಟಕ್ಕೆ ತಿರುಗಿದ.

ನನ್ನ ಸಂಬಳದಲ್ಲಿ ತಂದು, ನಾನೇ ಬೇಯಿಸಿ, ನಾನೇ ಬಡಿಸಿಕೊಂಡು ಅಂಕೋಲೆಯ ಮನೆಯಲ್ಲಿ ಬೇಕಾದಷ್ಟು ತಲೆ ತಿಂದಿದ್ದೇನೆ. ಇನ್ನೊಬ್ಬರು ಬಡಿಸಿ ತಿಂದದ್ದು ಅದೊಂದೇ.